ಸೋತ ಕೈಗೂ ಕೆಲಸ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯ ಹಿರಿಯರಿಗೆ ಲಕ್ವ ಹೊಡೆದರೆ ನಾವು ಏನು ಮಾಡುತ್ತೇವೆ? ತುತ್ತು ಮಾಡಿ ಬಾಯಿಗಿಡುತ್ತೇವೆ. ಅಂಗಿಯ ಗುಂಡಿ ಹಾಕುತ್ತೇವೆ, ತಲೆ ಬಾಚುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ, ಅಲ್ವಾ? ಆದರೆ ಎಲ್ಲವನ್ನೂ ನಾವೇ ಮಾಡಿಬಿಟ್ಟರೆ ಆ ಸೋತ ಕೈ ಮತ್ತೆ ಕಲಿಯುವುದು ಯಾವಾಗ?

ಪೆಡ್ರೊ ಬಾಕ್-ಇ-ರೀಟಾ ಎಂಬುವರು ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. 1959ರಲ್ಲಿ, 65ರ ವಯಸ್ಸಿನಲ್ಲಿ, ಅವರಿಗೆ ಲಕ್ವ ಹೊಡೆಯಿತು. ಅರ್ಧ ಮೈ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು. ಇನ್ನು ಸುಧಾರಿಸುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದರು. ಮಗ ಜಾರ್ಜ್ ಆಗ ಮೆಕ್ಸಿಕೋದಲ್ಲಿ ಡಾಕ್ಟರಿಕೆ ಓದುತ್ತಿದ್ದರು. ಅಪ್ಪನನ್ನು ಅಲ್ಲಿಗೇ ಕರೆಸಿಕೊಂಡರು. ನಡೆಸುವ ಮೊದಲು ಅಂಬೆಗಾಲಿಡಿಸಿದರು. ವಯಸ್ಸಾದವರನ್ನು ಹೀಗೆ ನೆಲದ ಮೇಲೆ ತೆವಳಿಸುವುದೇ ಎಂದು ಅಕ್ಕಪಕ್ಕದವರು ಬೇಸರಪಟ್ಟರು. ಮಗ ಬಿಡಲಿಲ್ಲ. ಗೋಲಿ ಉರುಳಿಸಿ ಹಿಡಿಸಿದರು, ನಾಣ್ಯ ಹೆಕ್ಕಿಸಿದರು, ಪಾತ್ರೆ ತೊಳೆಸಿದರು. ಒಳ್ಳೆಯ ಕೈ ಪಾತ್ರೆ ಹಿಡಿಯಬೇಕು, ಸೋತ ಕೈ ಅದರೊಳಗೆ ಸುತ್ತಬೇಕು. ಸ್ವಲ್ಪ ಹೊತ್ತು ಬಲಕ್ಕೆ, ಸ್ವಲ್ಪ ಹೊತ್ತು ಎಡಕ್ಕೆ.

ಕೊನೆಗೆ ಅವರು ಮತ್ತೆ ಕಾಲೇಜಿಗೆ ಹೋಗಿ ಪಾಠ ಮಾಡಿದರು. ಇನ್ನೊಂದು ಮದುವೆಯೂ ಆದರು! 72ರ ವಯಸ್ಸಿನಲ್ಲಿ ಕೊಲಂಬಿಯಾದಲ್ಲಿ ಬೆಟ್ಟ ಹತ್ತುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ನೋಡಿದರೆ ಲಕ್ವದಿಂದಾದ ಮಿದುಳಿನ ಗಾಯ ಮಾಯ್ದೇ ಇರಲಿಲ್ಲ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಗಳಲ್ಲಿ ಬಹುಪಾಲು ನಾಶವಾಗಿದ್ದವು. ಸತ್ತ ಭಾಗದ ಕೆಲಸವನ್ನು ಉಳಿದ ಭಾಗ ಕಲಿತುಕೊಂಡಿತ್ತು. ಇನ್ನೊಬ್ಬ ಮಗ ಪಾಲ್, ಮಿದುಳಿನ ಈ ಶಕ್ತಿಯನ್ನು ಅರಿಯುವುದಕ್ಕೇ ತಮ್ಮ ಬದುಕನ್ನು ಮುಡಿಪಿಟ್ಟರು.

ಎಲ್ಲರೂ ಇಷ್ಟು ಗುಣವಾಗುತ್ತಾರೆ ಎಂದು ನಾನು ಹೇಳಲಾರೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಜಾಸ್ತಿ, ಆಮೇಲೆ ನಿಧಾನ. ಆದರೂ ತಡವಾಯಿತೆಂದು ಕೈಬಿಡಬೇಡಿ. 2006ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಲಕ್ವ ಹೊಡೆದು 3ರಿಂದ 9 ತಿಂಗಳಾಗಿದ್ದ, ಕೈ ಸ್ವಲ್ಪವಾದರೂ ಆಡುತ್ತಿದ್ದ ಜನರ ಮೇಲೆ ಮಾಡಿದ್ದು. ಎರಡು ವಾರ ಒಳ್ಳೆಯ ಕೈಗೆ ಗವಸು ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಅದರಿಂದ ಆದ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು.

ಹಾಗಂತ ಮೊದಲ ದಿನವೇ ಎಬ್ಬಿಸಿ ಓಡಾಡಿಸಬೇಡಿ. 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿ ನಡೆಸಿದವರಿಗೆ ಒಳ್ಳೆಯದಾಗುವುದು ಕಡಿಮೆ ಎಂದು 2015ರ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು. ಯಾವಾಗ, ಎಷ್ಟು ಎಂಬುದನ್ನು ವೈದ್ಯರು, ಫಿಸಿಯೋಥೆರಪಿಯವರು ಹೇಳಲಿ. ಎಬ್ಬಿಸುವಾಗ ಸೋತ ತೋಳನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ.

ಕೆಲವು ದಿನ ಅವರು ಯಾವುದೂ ಬೇಡ ಎನ್ನುತ್ತಾರೆ, ಸುಮ್ನೆ ಅಳುತ್ತಾರೆ. ಅದನ್ನು ಹಟ ಅಂದುಕೊಂಡು ಗದರಬೇಡಿ. ಲಕ್ವದ ನಂತರ ಖಿನ್ನತೆ ಬರುವುದು ಸಾಮಾನ್ಯ, ಅದಕ್ಕೂ ಔಷಧಿ ಇದೆ. ಮುಂದಿನ ಸಲ ಹೋದಾಗ ಇದನ್ನೂ ವೈದ್ಯರಿಗೆ ಹೇಳಿ.