ಮೊದಲ ಕಂತಿಗೆ ಎಷ್ಟು ಅಂಕ?

(ಮಡಿಕೇರಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)

ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಸೂಪರ್‌ಹೀರೋ ಕಾರ್ಟೂನಿನ ಬಗ್ಗೆ ಉಪನ್ಯಾಸ ಕೊಡಲು ಹೊರಟಿದ್ದೇನೆ ಅಂದಾಗ ನಮ್ಮ ಮನೆಯಲ್ಲಿ ನಕ್ಕರು. ಬೇರೆ ಊರಿನವರು ನಗಲಿ, ಮಡಿಕೇರಿಯವರು ನಗುವ ಹಾಗಿಲ್ಲ. ವಿಜಯದಶಮಿಯ ರಾತ್ರಿ ಚಲಿಸುವ ಗೊಂಬೆಗಳ ಹತ್ತು ದಸರಾ ಮಂಟಪಗಳ ಹಿಂದೆ ಬೆಳಗಾಗುವವರೆಗೆ ಅಲೆಯುವ ಊರು ಇದು. ಟ್ರ್ಯಾಕ್ಟರಿನ ಮೇಲೆ ದೇವಿ ತ್ರಿಶೂಲ ಎತ್ತುತ್ತಾಳೆ, ರಾಕ್ಷಸ ಬಾಯಿ ತೆರೆಯುತ್ತಾನೆ, ಹೊಗೆ ಏಳುತ್ತದೆ, ಧ್ವನಿವರ್ಧಕದಲ್ಲಿ ಗುಡುಗು. ನಿರ್ಜೀವ ಗೊಂಬೆಗೆ ಚಲನೆ ಕೊಟ್ಟು ಮಹಾಬಲರ ಕಥೆ ಹೇಳುವ ಕೆಲಸ ನಮಗೆ ಹೊಸದಲ್ಲ. ಅದಕ್ಕೆ ತೀರ್ಪುಗಾರರಿದ್ದಾರೆ, ಬಹುಮಾನವಿದೆ, ಬಹುಮಾನ ಹೇಳಿದ ಮೇಲೆ ಚಹಾದಂಗಡಿಗಳಲ್ಲಿ ವಾರಗಟ್ಟಲೆ ತಕರಾರೂ ಇದೆ.

ಆ ಜನಸಂದಣಿಯಲ್ಲಿ ನಿಂತವರ ಮಾತು ಕೇಳಿದ್ದೀರಾ? ಮಹಿಷಾಸುರ ಸಾಯುತ್ತಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೈ ಹೇಗೆ ಎದ್ದಿತು, ಅದನ್ನು ನೋಡುತ್ತಾರೆ. ಮೋಟಾರು ಎಳೆದಂತೆ ತೋಳು ಇಡಿಯಾಗಿ ಮೇಲೆ ಬಂದರೆ ಪಕ್ಕದ ಅಜ್ಜ "ಗೇಟು ತೆಗ್ದ ಹಾಗೆ ಆಯ್ತು" ಅನ್ನುತ್ತಾರೆ. ಮೊದಲು ಭುಜ ಹೊರಳಿ, ಆಮೇಲೆ ಮೊಣಕೈ ಬಿಚ್ಚಿ, ಕೊನೆಗೆ ತ್ರಿಶೂಲದ ತುದಿ ಬಂದರೆ ಅದೇ ಅಜ್ಜನ ಕೈ ತಾನಾಗಿ ಎದೆಗೆ ಹೋಗುತ್ತದೆ. ನನ್ನ ಇವತ್ತಿನ ಮಾತೆಲ್ಲ ಆ ಅಜ್ಜನಿಂದ ಕಲಿತದ್ದು.

ಹೊಸ ಸರಣಿಯ ಮೊದಲ ಕಂತು ಬಂದ ಕೂಡಲೇ ನಾವು ಕೇಳುವ ಪ್ರಶ್ನೆ, ಕಥೆ ಹೊಸದಾ? ಕಥೆ ಹೊಸದಲ್ಲ ಮಾರಾಯರೇ. ಒಬ್ಬ ಹುಡುಗನಿಗೆ ಶಕ್ತಿ ಬರುತ್ತದೆ, ಮನೆಯವರಿಂದ ಮುಚ್ಚಿಡುತ್ತಾನೆ, ಊರಿಗೆ ಯಾರೋ ನುಗ್ಗುತ್ತಾರೆ. ಎರಡನೆಯ ಪ್ರಶ್ನೆ, ಫೈಟ್ ಹೇಗಿದೆ? ಇದು ಇನ್ನೂ ಕೆಟ್ಟ ಪ್ರಶ್ನೆ. ಯಾಕೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.

ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟು, ಅಂದರೆ ಫ್ರೇಮು, ಓಡುತ್ತವೆ. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿನಷ್ಟು ಹೊತ್ತು ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. 22 ನಿಮಿಷದ ಕಂತಿಗೆ 15,840. ಅಷ್ಟನ್ನೂ ಒಂದೇ ಶ್ರದ್ಧೆಯಿಂದ ಬರೆಸುವ ದುಡ್ಡು ಟಿವಿ ಸರಣಿಗೆ ಇರುವುದಿಲ್ಲ. ಆದ್ದರಿಂದ ಮಾತಿನ ದೃಶ್ಯದಲ್ಲಿ ದೇಹ ಕಲ್ಲಾಗಿ ಬಾಯಿ ಮಾತ್ರ ಆಡುತ್ತದೆ, ಹಿಂದಿನ ಜನ ಗೋಡೆಗೆ ಅಂಟಿಸಿದ ಹಾಗೆ ನಿಂತಿರುತ್ತಾರೆ. ಉಳಿಸಿದ್ದೆಲ್ಲ ಜಗಳಕ್ಕೆ ಹೋಗುತ್ತದೆ, ಅದರಲ್ಲೂ ಮೊದಲ ಕಂತಿನ ಜಗಳಕ್ಕೆ. ಹೆಣ್ಣು ನೋಡಲು ಬಂದ ದಿನದ ಉಪ್ಪಿಟ್ಟು ಅದು. ಅದನ್ನು ತಿಂದು ಆ ಮನೆಯ ಅಡುಗೆಗೆ ಅಂಕ ಕೊಡಬೇಡಿ. ಜಗಳವಿಲ್ಲದ ಜಾಗ ನೋಡಿ.

ಇದು ನನಗೆ ತಿಳಿದದ್ದು ಜಡಿಮಳೆಯ ಒಂದು ಕಕ್ಕಡ ತಿಂಗಳಲ್ಲಿ. ಅಕ್ಕನ ಮಗನ ಜೊತೆ ಯಾವುದೋ ಹೊಸ ಸರಣಿ ನೋಡಲು ಕೂತಿದ್ದೆ. ತೋಟದ ಮನೆ, ಮುಂದಿನ ಚಾವಡಿಗೆ ತಗಡಿನ ಮಾಡು. ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸದು, ಇನ್ನು ಮೊಬೈಲಿನ ಸದ್ದು ಎಲ್ಲಿ. ಹತ್ತು ನಿಮಿಷ ಮೂಕಚಿತ್ರದಂತೆ ನೋಡಿದೆವು. ನಾಯಕ ಬಸ್ಸನ್ನು ಎತ್ತಿದ. ಹುಡುಗ ಕೇಳಿದ, "ಮಾಮ, ಬಸ್ಸು ಖಾಲಿ ಡಬ್ಬವಾ?" ನಿಜ. ಬಸ್ಸು ಮೇಲೆ ಹೋದಾಗ ಅವನ ಮಂಡಿ ಬಾಗಲಿಲ್ಲ, ಕಾಲ ಕೆಳಗಿನ ಡಾಂಬರು ಬಿರಿಯಲಿಲ್ಲ. ಸದ್ದಿದ್ದಿದ್ದರೆ 'ಧಡ್' ಎಂಬ ಶಬ್ದ, ಏರುವ ವಾದ್ಯ, ಎಲ್ಲ ಸೇರಿ ನಮ್ಮನ್ನು ನಂಬಿಸುತ್ತಿದ್ದವು. ಮೂಟೆ ಹೊರುವವರನ್ನು ದಿನಾ ನೋಡುವ ಹುಡುಗನಿಗೆ ಭಾರ ಅಂದರೆ ಏನೆಂದು ಗೊತ್ತು. ಕಾಫಿ ಚೀಲ ಬೆನ್ನಿಗೇರುವ ಮೊದಲು ಮನುಷ್ಯ ಒಮ್ಮೆ ಕುಗ್ಗುತ್ತಾನಲ್ಲ, ಆ ಕುಗ್ಗು ಅಲ್ಲಿರಲಿಲ್ಲ.

ಈಗ 1941ಕ್ಕೆ ಹೋಗಿ. ಫ್ಲೈಷರ್ ಸ್ಟುಡಿಯೋ ಸೂಪರ್‌ಮ್ಯಾನನನ್ನು ಮೊದಲ ಬಾರಿ ಚಲಿಸುವ ಚಿತ್ರವಾಗಿ ತಂದ ವರ್ಷ. ಸುಮಾರು ಹತ್ತೇ ನಿಮಿಷದ್ದು, ಚಿತ್ರಮಂದಿರಕ್ಕೆಂದು ಮಾಡಿದ್ದು. ಒಬ್ಬ ಹುಚ್ಚು ವಿಜ್ಞಾನಿ ಗುಡ್ಡದ ತುದಿಯಿಂದ ಕಿರಣವೊಂದನ್ನು ಬಿಡುತ್ತಾನೆ, ಪತ್ರಿಕಾ ಕಚೇರಿಯ ಗೋಪುರ ವಾಲುತ್ತದೆ. ನಮ್ಮವನು ಬಂದು ಅದನ್ನು ತಡೆಯುತ್ತಾನೆ. ಆಮೇಲೆ ಆ ಕಿರಣಕ್ಕೇ ಗುದ್ದುತ್ತಾನೆ! ಬೆಳಕಿಗೆ ಗುದ್ದುವುದು ಅಂದರೆ ಏನು? ಭೌತಶಾಸ್ತ್ರದ ಮೇಷ್ಟ್ರು ಇಲ್ಲಿ ಕೂತಿದ್ದರೆ ಕ್ಷಮಿಸಲಿ. ಆದರೆ ಒಂದೊಂದು ಗುದ್ದಿಗೂ ಕಿರಣ ಅವನನ್ನು ಹಿಂದಕ್ಕೆ ದೂಡುತ್ತದೆ, ಅವನು ಹೊಳೆಯ ಸೆಳೆತಕ್ಕೆ ಎದುರು ಹೋಗುವವನಂತೆ ಮೇಲೇರುತ್ತಾನೆ. ಬೆಳಕಿಗೂ ತೂಕ ಕೊಟ್ಟಿದ್ದಾರೆ. ಬಸ್ಸಿಗೂ ತೂಕ ಕೊಡಲಾಗದವರ ಬಗ್ಗೆ ಏನು ಹೇಳಲಿ.

ದುಡ್ಡಿದ್ದರೆ ಯಾರು ಬೇಕಾದರೂ ಮಾಡುತ್ತಾರೆ ಅನ್ನುತ್ತೀರಿ. 1992ರ ಬ್ಯಾಟ್‌ಮ್ಯಾನ್ ಸರಣಿ ನೋಡಿ. ಬ್ರೂಸ್ ಟಿಮ್, ಎರಿಕ್ ರಾಡಮ್ಸ್ಕಿ ಅದರ ಹಿಂದೆ ಇದ್ದವರು. ಹಿನ್ನೆಲೆಗಳನ್ನು ಬಿಳಿ ಹಾಳೆಯ ಬದಲು ಕಪ್ಪು ಹಾಳೆಯ ಮೇಲೆ ಬರೆದರು. ಬಿಳಿ ಹಾಳೆಯಲ್ಲಾದರೆ ಕತ್ತಲನ್ನು ಬಳಿಯಬೇಕು. ಕಪ್ಪು ಹಾಳೆಯಲ್ಲಿ ಕತ್ತಲು ಮೊದಲೇ ಇದೆ, ಬೇಕಾದಲ್ಲಿ ಮಾತ್ರ ಒಂದು ಕಿಟಕಿ, ಒಂದು ಬೀದಿದೀಪ ಇಟ್ಟರಾಯಿತು. ಕರೆಂಟು ಹೋದ ರಾತ್ರಿ ಎದುರು ಗುಡ್ಡದ ಮೇಲಿನ ಒಂಟಿ ಮನೆ ಕಾಣುತ್ತದಲ್ಲ, ಹಾಗೆ. ಅದರ ಆರಂಭದ ತುಣುಕಿನಲ್ಲಿ ಒಂದು ಮಾತಿಲ್ಲ, ಸರಣಿಯ ಹೆಸರು ಕೂಡ ಬರುವುದಿಲ್ಲ. ಮಳೆಯ ಸದ್ದಿನಲ್ಲಿ ನೋಡಿದರೂ ಏನೂ ಕಳೆದುಹೋಗದು. ಅಂದಹಾಗೆ, ಅದರಲ್ಲಿ ಮೊದಲು ತಯಾರಾದ ಕಂತು ಬೇರೆ, ಮೊದಲು ಪ್ರಸಾರವಾದದ್ದು ಬೇರೆ. ಮೊದಲ ಕಂತು ಎಂದರೆ ಯಾವುದು ಎಂಬ ಜಗಳವನ್ನು ನಿಮಗೇ ಬಿಡುತ್ತೇನೆ.

ಇನ್ನು ನೀವೆಲ್ಲ ಕಾಯುತ್ತಿರುವ ಇನ್‌ವಿನ್ಸಿಬಲ್ ಸರಣಿ. 2021ರ ಮಾರ್ಚಿನಲ್ಲಿ ಪ್ರೈಮ್ ವಿಡಿಯೋದಲ್ಲಿ ಬಂತು, 2003ರಲ್ಲಿ ಶುರುವಾದ ರಾಬರ್ಟ್ ಕರ್ಕ್‌ಮನ್‌ನ ಕಾಮಿಕ್ಸ್ ಆಧರಿಸಿ. ಮೊದಲ ಕಂತು ಮುಗಿಯಿತೆಂದು ಹೆಸರುಗಳು ಓಡತೊಡಗಿದ ಮೇಲೆ ಒಂದು ಘೋರ ದೃಶ್ಯವಿದೆ. ಏನೆಂದು ಹೇಳುವುದಿಲ್ಲ, ನೋಡದವರು ಹಿಂದಿನ ಬೆಂಚಿನಲ್ಲಿ ನನ್ನನ್ನೇ ದುರುಗುಟ್ಟುತ್ತಿದ್ದಾರೆ. ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಅದಕ್ಕಿಂತ ಕಸದ ಚೀಲ ಇಷ್ಟ. ಕಥೆಯ ನಾಯಕ, ಅಂಗಡಿ ಕೆಲಸದ ಹುಡುಗ, ಕಸ ಎಸೆಯಲು ಹೊರಗೆ ಬರುತ್ತಾನೆ. ಎಸೆದ ಚೀಲ ಕೆಳಗೆ ಬೀಳುವುದೇ ಇಲ್ಲ, ಆಕಾಶಕ್ಕೆ ಹೋಗಿಬಿಡುತ್ತದೆ. ವರ್ಷಗಟ್ಟಲೆ ಕಾದ ಶಕ್ತಿ ಅವನಿಗೆ ಬಂದದ್ದು ಹಾಗೆ, ಕೊಳೆತ ಕಸದ ಮುಂದೆ. ಕಂತಿನ ಬಹುಪಾಲು ಹೀಗೇ ಮನೆ, ಅಪ್ಪ, ಅಮ್ಮ, ಕೆಲಸ ಎಂದು ನಿಧಾನವಾಗಿ ಸಾಗುತ್ತದೆ. ಆ ನಿಧಾನ ಇಲ್ಲದಿದ್ದರೆ ಕೊನೆಯದು ಬರೀ ರಕ್ತ. ಆಮೇಲೆ ಬಂದ ಎಷ್ಟೋ ಸರಣಿಗಳು ರಕ್ತವನ್ನು ಕಲಿತವು, ಕಸದ ಚೀಲವನ್ನು ಕಲಿಯಲಿಲ್ಲ.

ಒಂದೇ ಕಂತಿಗೆ ತೀರ್ಪು ಕೊಡುವುದು ಅನ್ಯಾಯ, ಮೂರಾದರೂ ನೋಡಬೇಕು ಅನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಕಾಫಿ ಹೂವರಳಿಸುವ ಮಳೆ, ಬ್ಲಾಸಮ್ ಶವರ್, ಬಿದ್ದು ತೋಟ ಬೆಳ್ಳಗಾದ ದಿನ ಫಸಲಿನ ಲೆಕ್ಕ ಹಾಕಿ, ಆಮೇಲೆ ಕಾಯಿ ಕಟ್ಟಿಸುವ ಬ್ಯಾಕಿಂಗ್ ಶವರ್ ಬಾರದೆ ತಲೆಯ ಮೇಲೆ ಕೈ ಹೊತ್ತವರು ನಮ್ಮಲ್ಲಿ ಕಡಿಮೆಯಿಲ್ಲ. ಕಥೆ ಎಲ್ಲಿಗೆ ಮುಟ್ಟುತ್ತದೆ ಎಂದು ಮೊದಲ ಕಂತು ಹೇಳದು. ಆದರೆ ಗಿಡಕ್ಕೆ ಕಾಂಡ ಕೊರೆಯುವ ಬೋರರ್ ಹುಳ ಹಿಡಿದಿದೆಯೋ ಇಲ್ಲವೋ ಎಂಬುದು ಹೂವಿನ ದಿನವೂ ಕಾಂಡ ನೋಡಿದರೆ ಗೊತ್ತಾಗುತ್ತದೆ.

ಡಬ್ಬಿಂಗ್ ಬಗ್ಗೆ ಹೇಳಬೇಕೆಂದಿದ್ದೆ, ಬೇಡ, ಬಲ್ಬು ಆಗಲೇ ಎರಡು ಸಲ ಮಿಣುಕಿತು. ಕರೆಂಟು ಇರುವಾಗಲೇ 1941ರ ಆ ಹತ್ತು ನಿಮಿಷ ಹಾಕಿಬಿಡೋಣ. ಸದ್ದು ಬೇಡ, ಹೇಗೂ ಮಳೆ ಇದೆ. ಅವನು ಗೋಪುರವನ್ನು ತಡೆಯುವಾಗ ಮೈಯ ಕಡೆ ನೋಡಿ. ಬಾಗಿಲ ಹತ್ತಿರ ಇರುವವರು ದೀಪ ಆರಿಸಿ.