ಮುತ್ತಿಗೆ ಬಿದ್ದ ಕೋಟೆಗೆ ಒಂದು ಹಳೇ ಶಾಪ ಬೇಕು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಿಂತು ಕೋಟೆಗೆ ಪುರಾಣ ಕಟ್ಟುವುದು ಹೇಗೆ ಅಂತ ಮಾತಾಡುವುದು ಸ್ವಲ್ಪ ತಮಾಷೆಯೇ, ಬಸ್ಸು ಹತ್ತಿದರೆ ಶ್ರೀರಂಗಪಟ್ಟಣ. ಆದರೂ ನಾವೇ ಪಾತ್ರಗಳಾಗಿ ಕಥೆ ಆಡುವ ನಮ್ಮ ರೋಲ್‌ಪ್ಲೇ ಆಟಗಳಲ್ಲಿ ಬರುವ ಕೋಟೆ ನೋಡಿ. ಸಾವಿರ ವರ್ಷದ ಹಿಂದೆ ಒಬ್ಬ ದೇವರು ಕಟ್ಟಿದ, ಅದನ್ನು ಯಾರೂ ಗೆದ್ದಿಲ್ಲ, ಈಗ ರಾಕ್ಷಸರ ಸೈನ್ಯ ಬಂದಿದೆ. ಆಟ ನಡೆಸುವ ಗೇಮ್ ಮಾಸ್ಟರ್ ಇದನ್ನು ಹತ್ತು ನಿಮಿಷ ಓದುತ್ತಾರೆ, ಆಟಗಾರರು ಅಷ್ಟೂ ಹೊತ್ತು ಚಿಪ್ಸ್ ತಿನ್ನುತ್ತಾರೆ. ಆ ಪುರಾಣದಿಂದ ಯಾರಿಗೂ ಏನೂ ತೊಂದರೆ ಇಲ್ಲ, ಅಲ್ವಾ? ಅದೇ ಅದರ ದೋಷ.

ನಾನು ಹೇಳುವುದು ಇಷ್ಟೇ. ಕೋಟೆಯ ಪುರಾಣವನ್ನು ಅದನ್ನು ಹಿಂದೆ ಕಳೆದುಕೊಂಡವರ ಬಾಯಿಂದ ಬರೆಯಿರಿ.

ಅಲಮೇಲಮ್ಮನ ಕಥೆ ನಿಮಗೆಲ್ಲ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ತೆಗೆದುಕೊಂಡರು. ಆ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆ ಕೊಡಲೊಪ್ಪದೆ, ಶಾಪ ಹಾಕಿ ಹೊಳೆಗೆ ಹಾರಿದಳು ಅಂತ ಜನ ಹೇಳುತ್ತಾರೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಮರಳು, ನೀರು, ವಂಶ. ಮೂರೂ ಕಣ್ಣಿಗೆ ಕಾಣುವಂಥವು, ಯಾರು ಬೇಕಾದರೂ ಹೋಗಿ ನೋಡಿ ಬರಬಹುದು, ಮತ್ತು ತಲಕಾಡಿನಲ್ಲಿ ಮರಳು ಇದ್ದೇ ಇದೆ. ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಬೇರೆ: ಗೆದ್ದವರ ಮನೆಯಲ್ಲೇ ಅವಳಿಗೆ ಪೂಜೆ ನಡೆಯುತ್ತದೆ. ಸೋತವಳ ಮಾತನ್ನು ಗೆದ್ದವರೇ ಉಳಿಸಿಕೊಂಡು ಬಂದರು. ಇಂಥ ತಿರುವು ನಮಗೆ ಸುಮ್ನೆ ಕೂತರೆ ಹೊಳೆಯುವುದಿಲ್ಲ.

ಇನ್ನು ಹೊಳೆಯ ವಿಷಯ. 1791ರ ಮೇನಲ್ಲಿ ಇಂಗ್ಲಿಷರ ದಂಡು ಕಟ್ಟಿಕೊಂಡು ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದಂಡಿಗೆ ದವಸ ಇಲ್ಲ. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಹೋದ. ಮುಂದಿನ ಸಲ ಬಂದದ್ದು 1792ರ ಫೆಬ್ರವರಿಯಲ್ಲಿ, ನೀರು ಇಳಿದ ಮೇಲೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರು ನದಿ ದಾಟಿಯೇ ಗೋಡೆಯ ಬಿರುಕಿಗೆ ನುಗ್ಗಿದರು. ಅಂದರೆ ಒಳಗಿನವರಿಗೂ ಹೊರಗಿನವರಿಗೂ ಒಂದೇ ಗಡುವು, ಮಳೆ. ನಿಮ್ಮ ಕೋಟೆಯ ಹೊಳೆದೇವತೆಯನ್ನು ಬರೀ ಶಿಲ್ಪವಾಗಿ ಇಡಬೇಡಿ, ಅವಳ ಹಬ್ಬವನ್ನು ಪ್ರವಾಹದ ದಿನಕ್ಕೆ ಕಟ್ಟಿ. ಆಗ ಪ್ರತಿ ಸೆಷನ್ನಿಗೂ ಗಡಿಯಾರ ಓಡುತ್ತದೆ.

ಈಗ ಒಂದು ಕೋಟೆ ಕಟ್ಟೋಣ. ಹೆಸರು ಕರಿಬಂಡೆ. ಈಗಿನ ದೊರೆಯ ಮುತ್ತಾತ ಅದನ್ನು ದೋಣಿ ನಡೆಸುವ ಕುಲದವರಿಂದ ಕಿತ್ತುಕೊಂಡ. ಅವರ ಕೊನೆಯ ಅಜ್ಜಿ ಬಾವಿಕಟ್ಟೆಯ ಮೇಲೆ ನಿಂತು ಹೇಳಿದಳಂತೆ: ಈ ಬಾವಿ ಬತ್ತದಿರಲಿ, ಕುಡಿದವರ ಬಾಯಾರಿಕೆ ತೀರದಿರಲಿ. ಅಂದಿನಿಂದ ಅರಮನೆಯವರು ಮಳೆನೀರಿನ ತೊಟ್ಟಿಯಿಂದ ಕುಡಿಯುತ್ತಾರೆ. ಬಾವಿನೀರು ಆಳುಮಕ್ಕಳಿಗೆ, ಅವರಿಗೇನೂ ಆಗಿಲ್ಲ, ಅಥವಾ ಏನಾಗಿದೆ ಅಂತ ಯಾರೂ ಕೇಳಿಲ್ಲ. ದೊರೆ ಮಾತ್ರ ವರ್ಷಕ್ಕೊಮ್ಮೆ ಅಜ್ಜಿಗೆ ಎಡೆ ಇಡುತ್ತಾನೆ. ಈಗ ಮುತ್ತಿಗೆ, ತೊಟ್ಟಿ ಖಾಲಿಯಾಗುತ್ತಿದೆ. ಹೊರಗಿನ ದಂಡಿನಲ್ಲಿ ದೋಣಿ ಕುಲದ ಮೊಮ್ಮಕ್ಕಳೂ ಇದ್ದಾರೆ, ಅವರು ಕೂಲಿಗಲ್ಲ, ಆ ಬಾವಿಗಾಗಿ ಬಂದಿದ್ದಾರೆ.

ಆಟಗಾರರಿಗೆ ನೀವು ಇಷ್ಟು ಹೇಳಿದರೆ ಸಾಕು. ಒಬ್ಬ ಬಾವಿಗೆ ಇಳಿಯುತ್ತಾನೆ, ಇನ್ನೊಬ್ಬಳು ಹೊರಗಿನವರ ಜೊತೆ ಮಾತಿಗೆ ಹೋಗೋಣ ಅನ್ನುತ್ತಾಳೆ, ಯಾರೋ ಒಬ್ಬರು ಎಡೆಗೆ ವಿಷ ಹಾಕುವ ಯೋಚನೆ ಮಾಡುತ್ತಾರೆ, ಖಂಡಿತ ಮಾಡುತ್ತಾರೆ. ಶಾಪ ನಿಜವೋ ಸುಳ್ಳೋ ಅಂತ ಕೇಳುವವರು ಇದ್ದೇ ಇರುತ್ತಾರೆ. ದಾಳ ಉರುಳಿಸಿ ಅದನ್ನು ತೀರ್ಮಾನ ಮಾಡಬೇಡಿ. ದೊರೆಯ ಮಗಳಿಗೆ ಒಂದು ಚೊಂಬು ಬಾವಿನೀರು ಕೊಡಿ, ಅವಳು ಎರಡನೇ ಚೊಂಬು ಕೇಳಲಿ. ಬೇಸಿಗೆ ಕಣ್ರೀ, ಯಾರು ಬೇಕಾದರೂ ಕೇಳುತ್ತಾರೆ.