ಎಣ್ಣೆ ತೋರಿಸಿ, ಬೌಲಿಂಗ್ ಉಳಿಯುತ್ತೆ

ನಮಸ್ಕಾರ ರೀ ಎಲ್ಲರಿಗೂ. ಹುಬ್ಬಳ್ಳಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಜೋರಾಗಿದೆ, ತಗಡಿನ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ಇವತ್ತು ಕೇರಂ ಬಗ್ಗೆ ಮಾತಾಡಬೇಕು ಅಂತ ಎಲ್ಲ ಬರೆದಿಟ್ಟುಕೊಂಡಿದ್ದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಕಾಮೆಂಟ್ ಓದಿದೆ ನೋಡಿ, ತಲೆ ಕೆಟ್ಟಿತು. ಹೋದ ವಾರ ಟೆನ್‌ಪಿನ್ ಬೌಲಿಂಗ್, ಅಂದರೆ ಗುಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟದ ಬಗ್ಗೆ ಎರಡು ಮಾತು ಆಡಿದ್ದೆನಲ್ಲ, ಅದಕ್ಕೆ ಒಬ್ಬರು ಬರೆದಿದ್ದಾರೆ: "ಗುಂಡು ಉಳ್ಳಸೂದೂ ಒಂದ್ ಆಟ ಏನ್ರೀ? ಮಾಲ್‌ನ್ಯಾಗ ನಮ್ಮ ತಂಗಿ ಮಗಳೂ ಸ್ಟ್ರೈಕ್ ಹೊಡೀತಾಳ. ಅದಕ್ಕ ಪ್ರೊಫೆಷನಲ್ ಮಂದಿ ಯಾಕ ಬೇಕು?"

ಅದಕ್ಕೆ ಲೈಕ್ ಬೇರೆ ಬಿದ್ದಿವೆ.

ತಂಗಿ ಮಗಳು ಸ್ಟ್ರೈಕ್ ಹೊಡೆದಿದ್ದಾಳೆ, ಒಪ್ಪಿದೆ. ಹತ್ತಕ್ಕೆ ಹತ್ತು ಪಿನ್ ಬೀಳಿಸುವುದು ಸಣ್ಣ ಮಾತಲ್ಲ, ಆ ಮಗುವಿಗೆ ನನ್ನ ಚಪ್ಪಾಳೆ. ಆದರೆ ಯಾವ ಎಣ್ಣೆಯ ಮೇಲೆ ಹೊಡೆದಳು? ನನ್ನ ಪ್ರಶ್ನೆ ಇದೊಂದೇ.

ಎಣ್ಣೆ ಅಂದ ಕೂಡಲೇ ನಗಬೇಡಿ. ಬಾರ್‌ನಲ್ಲಿ ಸಿಗುವ ಎಣ್ಣೆ ಅಲ್ಲ. ಬೌಲಿಂಗ್ ಲೇನ್‌ಗೆ, ಅಂದರೆ ಚೆಂಡು ಉರುಳುವ ಹಲಗೆಯ ದಾರಿಗೆ ಹಚ್ಚುವ ಎಣ್ಣೆ. ಆಟಗಾರ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್‌ವರೆಗೆ 60 ಅಡಿ ಇರುತ್ತದೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಅಲ್ವಾ, ಅದರ ಮೇಲೆ ಇಂಥ ಅಂತರ 82 ಸಲ ಹಿಡಿಸುತ್ತದೆ. ಈ 60 ಅಡಿಯಲ್ಲಿ ಮೊದಲ 40 ಅಡಿ ಆಸುಪಾಸು ಒಂದು ಮಷಿನ್ ಬಂದು ಎಣ್ಣೆ ಹಚ್ಚಿ ಹೋಗುತ್ತದೆ. ಕೂದಲಿಗಿಂತ ತೆಳು ಪದರ. ಕೊನೆಯ ಭಾಗ ಒಣ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ. ಒಣ ಜಾಗ ಬಂದ ಕೂಡಲೇ ನೆಲ ಹಿಡಿದು ತಿರುಗುತ್ತದೆ. ಆಟ ಇರುವುದೇ ಅಲ್ಲಿ.

ಮಾಲ್‌ಗಳಲ್ಲಿ, ಕ್ಲಬ್‌ಗಳಲ್ಲಿ ಹಚ್ಚುವುದಕ್ಕೆ ಹೌಸ್ ಪ್ಯಾಟರ್ನ್ ಅನ್ನುತ್ತಾರೆ. ನಡುವೆ ಎಣ್ಣೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ಕೈ ತಪ್ಪಿ ಅಂಚಿಗೆ ಹೋದ ಚೆಂಡು ಒಣ ಜಾಗ ಸಿಕ್ಕಿ ತಾನೇ ಒಳಗೆ ತಿರುಗುತ್ತದೆ. ಕೈ ತಪ್ಪಿ ನಡುವೆ ಹೋದದ್ದು ಜಾರಿ ನೆಟ್ಟಗೆ ಹೋಗುತ್ತದೆ. ಬಲಗೈ ಆಟಗಾರನಾದರೆ ಎರಡೂ ಕೊನೆಗೆ ಸೇರುವುದು ಒಂದನೇ ಪಿನ್ ಮತ್ತು ಮೂರನೇ ಪಿನ್ ನಡುವಿನ ಸಂದಿಗೆ. ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ.

ಪ್ರೊಫೆಷನಲ್ ಟೂರ್‌ನ ಲೇನ್ ಹಾಗೆ ಕೈ ಹಿಡಿಯುವುದಿಲ್ಲ. ಅಲ್ಲಿ ಅಂಚಿಗೂ ನಡುವಿಗೂ ಎಣ್ಣೆಯ ವ್ಯತ್ಯಾಸ ತುಂಬಾ ಕಡಿಮೆ. ಲೇನ್ ಅಗಲಕ್ಕೆ 39 ಹಲಗೆ, ಒಂದೊಂದೂ ಇಂಚಿಗಿಂತ ಚೂರು ಜಾಸ್ತಿ. ಒಂದೆರಡು ಹಲಗೆ ಆಚೆ ಈಚೆ ಆದರೆ ಸ್ಟ್ರೈಕ್ ಹೋಯಿತು. ಮೇಲಾಗಿ ಪ್ರತಿ ಚೆಂಡೂ ಒಂದಿಷ್ಟು ಎಣ್ಣೆ ಎತ್ತಿಕೊಂಡು ಹೋಗುತ್ತದೆ. ಹತ್ತು ನಿಮಿಷದ ಹಿಂದೆ ಸರಿ ಇದ್ದ ದಾರಿ ಈಗ ಸರಿ ಇರುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಚೆಂಡಿನ ಓಟ ನೋಡಿಯೇ ಓದಬೇಕು. ಇಷ್ಟೆಲ್ಲ ನಡೆಯುವಾಗ ಟಿವಿಯಲ್ಲಿ ನಮಗೆ ಏನು ಕಾಣುತ್ತದೆ? ಹೊಳೆಯುವ ನೆಲ ಮತ್ತು ಒಂದು ಗುಂಡು.

ಎಣ್ಣೆ ತೋರಿಸಿ ಅಂತ ನಾನು ಬಾಯಿ ಬಡಿದುಕೊಳ್ಳುವುದು ಇದಕ್ಕೇ.

ಈ ಆಟಕ್ಕೆ ಒಂದು ಕಾಲದಲ್ಲಿ ಎಂಥ ವೈಭವ ಇತ್ತು ಗೊತ್ತಾ? 1958ರಲ್ಲಿ ಅಮೆರಿಕದ ಎಡ್ಡಿ ಎಲಿಯಾಸ್ ಅನ್ನುವ ವಕೀಲರು 33 ಆಟಗಾರರನ್ನು ಸೇರಿಸಿ ಪಿಬಿಎ, ಅಂದರೆ ಪ್ರೊಫೆಷನಲ್ ಬೌಲರ್‌ಗಳ ಸಂಘ ಕಟ್ಟಿದರು. 1962ರಿಂದ 1997ರವರೆಗೆ ಎಬಿಸಿ ಟಿವಿಯಲ್ಲಿ ಶನಿವಾರ ಬಂತು ಅಂದರೆ ಬೌಲಿಂಗ್. 35 ವರ್ಷ ರೀ! 1964ರಲ್ಲಿ ಡಾನ್ ಕಾರ್ಟರ್ ಒಂದು ಚೆಂಡಿನ ಕಂಪನಿ ಜೊತೆ 10 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡರು. 1975ರಲ್ಲಿ ಅರ್ಲ್ ಆಂಥನಿ ಒಂದೇ ಸೀಸನ್‌ನಲ್ಲಿ ಲಕ್ಷ ಡಾಲರ್ ಬಹುಮಾನ ಗೆದ್ದ ಮೊದಲ ಬೌಲರ್ ಆದರು. ಅಂಥ ಆಟ ಈಗ ಮಾಲ್‌ನಲ್ಲಿ ಬರ್ತ್‌ಡೇ ಪಾರ್ಟಿಗೆ ಬಂದು ನಿಂತಿದೆ.

ಯಾಕೆ ಬಿತ್ತು? ನನ್ನ ಪ್ರಕಾರ ಹೀಗೆ. 1990ರ ದಶಕದಲ್ಲಿ ರಿಯಾಕ್ಟಿವ್ ರೆಸಿನ್ ಚೆಂಡುಗಳು ಬಂದವು. ಜೋರಾಗಿ ತಿರುಗುವ ಚೆಂಡು, ಕೆಳಗೆ ಸುಲಭದ ಎಣ್ಣೆ. ಕ್ಲಬ್ ಆಟಗಾರರ ಸ್ಕೋರ್ ಏರುತ್ತಾ ಹೋಯಿತು. ಸತತ 12 ಸ್ಟ್ರೈಕ್ ಹೊಡೆದರೆ 300, ಅದೇ ಪರ್ಫೆಕ್ಟ್ ಗೇಮ್. ಮೊದಲು ಅದು ಊರೆಲ್ಲ ಮಾತಾಡುವ ಸುದ್ದಿ. ಆಮೇಲೆ ಅಂಥ ಗೇಮ್‌ಗಳು ಹತ್ತಾರು ಪಟ್ಟು ಜಾಸ್ತಿಯಾದವು. ಈಗ ಮನೆಯಲ್ಲಿ ಕೂತು ಟಿವಿ ನೋಡುವವನ ಲೆಕ್ಕ ಏನು? "ನಿನ್ನೆ ಕ್ಲಬ್‌ನಲ್ಲಿ ನಾನು 210 ಮಾಡಿದೆ. ಟಿವಿಯಲ್ಲಿ ಈ ಚಾಂಪಿಯನ್ನೂ 210. ಇವನನ್ನು ಯಾಕೆ ನೋಡಲಿ?" ಅವನದು ಡಾಂಬರ್ ರಸ್ತೆಯ 210, ಇವನದು ಎರೆಮಣ್ಣಿನ ಕೆಸರಿನ 210. ಅದನ್ನು ಯಾರೂ ಅವನಿಗೆ ತೋರಿಸಲಿಲ್ಲ. ಅವನು ಟಿವಿ ಆರಿಸಿದ.

ನಮ್ಮ ಭಾಗದಲ್ಲಿ ಬೌಲಿಂಗ್ ಅಂದರೆ ಮೊದಲು ನೆನಪಾಗುವುದು ಕ್ರಿಕೆಟ್, ಗದಗಿನ ಸ್ಪಿನ್ನರ್ ಸುನಿಲ್ ಜೋಶಿ. 1999, ನೈರೋಬಿ, ದಕ್ಷಿಣ ಆಫ್ರಿಕಾ ವಿರುದ್ಧ. 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಇವತ್ತಿಗೂ ಹೇಳುವಾಗ ಮೈ ಜುಮ್ ಅನ್ನುತ್ತದೆ. ಯಾಕೆ? ಕ್ರಿಕೆಟ್‌ನಲ್ಲಿ ಪಿಚ್ ತೋರಿಸುತ್ತಾರೆ. ಮ್ಯಾಚ್‌ಗೆ ಮೊದಲೇ ಒಬ್ಬರು ಬಗ್ಗಿ, ಬಿರುಕಿಗೆ ಕೀಲಿಕೈ ತೂರಿಸಿ, "ಇವತ್ತು ತಿರುಗುತ್ತೆ" ಅನ್ನುತ್ತಾರೆ. ರಾಜನಗರ ಮೈದಾನದಲ್ಲಿ ರಣಜಿ ನಡೆದರೆ ಗಿರ್ಮಿಟ್ ತಿನ್ನುತ್ತಾ ಕೂತವರೂ ಪಿಚ್ ಬಗ್ಗೆ ತೀರ್ಪು ಕೊಡುತ್ತಾರೆ. ಟೆನ್‌ಪಿನ್ ಬೌಲಿಂಗ್‌ಗೆ ಎಣ್ಣೆಯೇ ಪಿಚ್. ತೋರಿಸಿ!

ಇನ್ನು ಕೆಲವರು ದೊಡ್ಡ ಕಾರಣ ಹೇಳುತ್ತಾರೆ. ಲೀಗ್‌ಗಳು ಒಡೆದವು, ಕೇಬಲ್ ಬಂತು, ಮೊಬೈಲ್ ಬಂತು, ಜನಕ್ಕೆ ತಾಳ್ಮೆ ಇಲ್ಲ. ತಾಳ್ಮೆ ಇಲ್ವಾ? ಚೆಸ್ ನೋಡಿ. ಗಂಟೆಗಟ್ಟಲೆ ಇಬ್ಬರು ಸುಮ್ನೆ ಕೂತಿರುತ್ತಾರೆ. ಹುಡುಗರು ಅದನ್ನು ಮೊಬೈಲ್‌ನಲ್ಲೇ ನೋಡುತ್ತಾರೆ. ಪಕ್ಕದಲ್ಲಿ ಒಂದು ಕಪ್ಪು ಬಿಳಿ ಪಟ್ಟಿ ಏರಿಳಿಯುತ್ತದೆ, ಯಾರು ಗೆಲ್ಲುತ್ತಿದ್ದಾರೆ ಅಂತ ದಡ್ಡನಿಗೂ ತಿಳಿಯುತ್ತದೆ.

"ಒಂದು ಚೆಂಡು ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಅದರಲ್ಲಿ ನೋಡುವುದೇನು" ಅಂತ ಇನ್ನೊಬ್ಬರು. ದೀಪಾವಳಿ ಆದಮೇಲೆ ಹಾವೇರಿ ಕಡೆ ಹೋರಿ ಹಬ್ಬಕ್ಕೆ ಹೋಗಿ ಬನ್ನಿ. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ನಿಮ್ಮ ಮುಂದಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿ ಹೋಗುತ್ತದೆ. ಜನ ಬಿಸಿಲಲ್ಲಿ ದಿನವಿಡೀ ನಿಂತಿರುತ್ತಾರೆ. ಯಾವ ಹೋರಿ, ಅದನ್ನು ಹಿಡಿಯುವುದು ಎಷ್ಟು ಕಷ್ಟ, ಎಲ್ಲ ಅವರಿಗೆ ಗೊತ್ತು.

ಸ್ಕ್ವಾಷ್ ಏನು ಮಾಡಿತು ಕೇಳಿ. ಗೋಡೆಗಳ ನಡುವೆ ಆಡುವ ಆಟ, ಜನಕ್ಕೆ ಕಾಣುತ್ತಿರಲಿಲ್ಲ. ಗಾಜಿನ ಕೋರ್ಟ್ ಕಟ್ಟಿದರು, ಅದರಲ್ಲಿ ಬಿಳಿ ಚೆಂಡು ತಂದರು. ಟೋಕಿಯೋ ಒಲಿಂಪಿಕ್ಸ್‌ಗೆ ಎಂಟು ಆಟಗಳ ಕೊನೆಯ ಪಟ್ಟಿಯಲ್ಲಿ ಸ್ಕ್ವಾಷೂ ಇತ್ತು, ಬೌಲಿಂಗೂ ಇತ್ತು. 2015ರಲ್ಲಿ ಎರಡನ್ನೂ ಬಿಟ್ಟರು. ಈಗ 2028ರ ಲಾಸ್ ಏಂಜಲೀಸ್‌ಗೆ ಸ್ಕ್ವಾಷ್ ಒಳಗೆ, ಬೌಲಿಂಗ್ ಹೊರಗೆ. ಅಮೆರಿಕದಲ್ಲೇ ನಡೆಯುವ ಒಲಿಂಪಿಕ್ಸ್‌ನಲ್ಲಿ! ಹೊಟ್ಟೆ ಉರಿಯುತ್ತದೆ.

ಬೌಲಿಂಗ್ ನಡೆಸುವವರಿಗೆ ದಾರಿ ಗೊತ್ತಿಲ್ಲ ಅಂತಲ್ಲ. ಪಿಬಿಎಯವರು ನೀಲಿ ಬಣ್ಣ ಬೆರೆಸಿದ ಎಣ್ಣೆ ಹಚ್ಚಿ ಟಿವಿಯಲ್ಲಿ ತೋರಿಸಿದ್ದೂ ಇದೆ. ಚೆಂಡು ಎಲ್ಲಿ ಜಾರುತ್ತದೆ, ಎಲ್ಲಿ ಎಣ್ಣೆ ಅಳಿಸಿ ಹೋಗಿದೆ, ಎಲ್ಲ ಕಾಣುತ್ತದೆ. ಅದನ್ನು ಖಾಯಂ ಮಾಡಿದರಾ? ಇಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತ ನಮ್ಮ ಹಿರಿಯರು ಇದನ್ನೇ ನೋಡಿ ಹೇಳಿದ ಹಾಗಿದೆ.

ಅಂದ ಹಾಗೆ ಇಲ್ಲಿವರೆಗೆ ನೋಡಿದವರು ಸಬ್‌ಸ್ಕ್ರೈಬ್ ಮಾಡಿ ರೀ. ಕೇರಂ ಎಪಿಸೋಡ್ ಮುಂದಿನ ವಾರ ಖಂಡಿತ ಬರುತ್ತೆ. ಅಲ್ಲೂ ಬೋರಿಕ್ ಪೌಡರ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತೇನೆ.

ನನ್ನ ಕೈಯಲ್ಲಿದ್ದರೆ ಏನು ಮಾಡುತ್ತಿದ್ದೆ? ಪ್ರತಿ ಟೂರ್ನಿಯಲ್ಲೂ ಬಣ್ಣದ ಎಣ್ಣೆ. ಅದೇ ವಾರ ಅದೇ ಎಣ್ಣೆ ಊರೂರ ಕ್ಲಬ್‌ಗಳಲ್ಲಿ ಒಂದು ದಿನ. ನೀವು ಆಡಿ, 95ಕ್ಕೆ ಸುಸ್ತಾಗಿ, ಮನೆಗೆ ಹೋಗಿ ಟಿವಿ ಹಾಕಿ. ಅಲ್ಲಿ ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಎರಡೂ ಕೈಯಲ್ಲಿ ಚೆಂಡು ಹಿಡಿದು ಅದೇ ಎಣ್ಣೆಯ ಮೇಲೆ 240 ಹೊಡೆಯುತ್ತಿರುತ್ತಾರೆ. ಎದ್ದು ನಿಂತು ನೋಡುತ್ತೀರಿ.

ದುಬಾರಿ ಆಗುತ್ತೆ ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಬೇಕಾಗಿಯೂ ಇಲ್ಲ. ಆಟವೇ ಹೋದರೆ ಉಳಿದ ದುಡ್ಡು ಏನು ಮಾಡುತ್ತೀರಿ?

ಮೊನ್ನೆ ಒಂದು ಗೇಮ್ ಝೋನ್‌ಗೆ ಹೋಗಿದ್ದೆ. ಎಲ್ಲಿ ಅಂತ ಹೇಳುವುದಿಲ್ಲ. "ಲೇನ್‌ಗೆ ಎಣ್ಣೆ ಯಾವಾಗ ಹಚ್ಚಿದ್ರಿ?" ಅಂತ ಕೇಳಿದೆ. ಕೌಂಟರಿನ ಹುಡುಗ ನನ್ನ ಮುಖವನ್ನೇ ನೋಡಿದ. "ಎಣ್ಣಿ ಯಾಕ್ರೀ ಸರ? ಮಂದಿ ಜಾರಿ ಬೀಳ್ತಾರ." ಪಾಪ, ಅವನ ತಪ್ಪೇನಿದೆ? ಅವನಿಗೂ ಯಾರೂ ತೋರಿಸಿಲ್ಲ.

ಕಾಮೆಂಟ್ ಹಾಕಿದ ಅಣ್ಣಾ, ನಿಮಗೆ ಒಂದೇ ಮಾತು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ತಂಗಿ ಮಗಳನ್ನೂ ಕರೆದುಕೊಂಡು ಒಂದು ಒಳ್ಳೆ ಬೌಲಿಂಗ್ ಸೆಂಟರ್‌ಗೆ ಹೋಗಿ. ಆಡುವ ಮೊದಲು ಫೌಲ್ ಗೆರೆ ಹತ್ತಿರ ಇಬ್ಬರೂ ಮಂಡಿ ಊರಿ ಕೂತು, ಕಣ್ಣು ನೆಲದ ಮಟ್ಟಕ್ಕೆ ತಂದು, ಬೆಳಕಿಗೆ ಎದುರಾಗಿ ನೋಡಿ. ದೂರದಲ್ಲಿ ಒಂದು ಕಡೆ ಹೊಳಪು ನಿಂತು ಹೋಗುತ್ತದೆ. ಎಣ್ಣೆ ಮುಗಿಯುವುದು ಅಲ್ಲೇ. ಆ ಗೆರೆ ಮೊದಲು ಯಾರಿಗೆ ಕಂಡಿತು ಅಂತ ಬಂದು ಇಲ್ಲೇ ಕಾಮೆಂಟ್‌ನಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.